ಬೀಜದಿಂದ ಬಂದ ದೇವಗಣಗಿಲೆಗೆ ಅಮ್ಮನ ಹೆಸರಿಡಬಹುದಾ?

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ಶಿಡ್ಲಘಟ್ಟ ತಾಲ್ಲೂಕಿನ ಹಳ್ಳಿ. ಮನೆ ಮುಂದೆ ಎರಡು ದೇವಗಣಗಿಲೆ ಗಿಡ ಇವೆ. ಒಂದನ್ನು ಮೂರು ವರ್ಷದ ಹಿಂದೆ ನರ್ಸರಿಯಿಂದ ತಂದೆ. ಚೀಟಿಯಲ್ಲಿ 'ರೇನ್‌ಬೋ' ಅಂತ ಬರೆದಿತ್ತು. ಫೋಟೊದಲ್ಲಿ ಕಿತ್ತಳೆ, ಗುಲಾಬಿ ಬಣ್ಣ ಇತ್ತು. ಅರಳಿದ್ದು ನೋಡಿದರೆ ದೇವಸ್ಥಾನದ ಮರದ ಥರದ್ದೇ ಬಿಳಿ-ಹಳದಿ ಹೂವು. ಇನ್ನೊಂದನ್ನು ನಮ್ಮೂರ ಹಳೇ ಮರದ ಕಾಯಿಯಿಂದ ಬೀಜ ತೆಗೆದು ನಾನೇ ಬೆಳೆಸಿದೆ. ಈ ಏಪ್ರಿಲ್‌ನಲ್ಲಿ ಮೊದಲ ಸಲ ಹೂ ಬಿಟ್ಟಿತು. ಒಳಗೆ ಹಳದಿ, ಅಂಚಿಗೆ ತೆಳು ಗುಲಾಬಿ, ಒಳ್ಳೇ ಪರಿಮಳ. ಇಂಥದ್ದು ಎಲ್ಲೂ ನೋಡಿಲ್ಲ. ಇದಕ್ಕೆ ನಮ್ಮ ಅಮ್ಮನ ಹೆಸರಿಡಬಹುದಾ? ತಳಿಗಳಿಗೆ ಹೆಸರು ಇಡುವವರು ಯಾರು? ಇದರ ಕಡ್ಡಿಗಳನ್ನು ಜೂನ್‌ನಲ್ಲಿ ನೆಟ್ಟೆ, ಎಲ್ಲ ಕೊಳೆತು ಹೋದವು. ಸ್ಮಶಾನದ ಗಿಡ ಮನೆ ಮುಂದೆ ಯಾಕೆ ಅಂತ ಅತ್ತೆ ಬೇರೆ ಗೊಣಗುತ್ತಾರೆ.

ಉತ್ತರ: ಅಮ್ಮನ ಹೆಸರು ಖಂಡಿತ ಇಡಬಹುದು. ಆದರೆ ಈ ವರ್ಷ ಬೇಡ. ಯಾಕೆ ಅಂತ ಆಮೇಲೆ ಹೇಳುತ್ತೇನೆ. ಮೊದಲು ಹೆಸರಿನ ಜೊತೆಗೇ ಮನೆಗೆ ಬಂದ ಆ 'ರೇನ್‌ಬೋ' ವ್ಯವಹಾರ ಬಗೆಹರಿಸೋಣ.

ಗಿಡದ ಬುಡದ ಹತ್ತಿರ ಕೂತು ನೋಡಿ. ಮಣ್ಣಿನಿಂದ ಒಂದು ಗೇಣು ಮೇಲೆ, ಕಾಂಡದ ಮೇಲೆ ಇಂಗ್ಲಿಷಿನ 'ವಿ' ಅಕ್ಷರದ ಹಾಗೆ ಗಾಯ ಒಣಗಿದ ಗುರುತು ಇದೆಯಾ? ಪ್ಲಾಸ್ಟಿಕ್ ಪಟ್ಟಿ ಸುತ್ತಿದ್ದ ಕಡೆ ತೊಗಟೆ ಸ್ವಲ್ಪ ಒಳಗೆ ಕುಗ್ಗಿರುತ್ತದೆ, ಬೆರಳಾಡಿಸಿದರೆ ತಿಳಿಯುತ್ತದೆ. ಇದ್ದರೆ ಅದು ಕಸಿ ಗಿಡ. ಥಾಯ್ಲೆಂಡ್ ಕಡೆಯಿಂದ ಬರುವ ಬಣ್ಣದ ಗಿಡಗಳು ಜಾಸ್ತಿ ಹೀಗೇ ಇರುತ್ತವೆ. ಕೆಳಗೆ ಗಟ್ಟಿ ಬೇರಿನ ಮಾಮೂಲಿ ಗಿಡ, ಮೇಲೆ ಬಣ್ಣದ ಗಿಡದ ಕಡ್ಡಿ. ಈಗ ಹೂ ಬಿಟ್ಟ ಕೊಂಬೆ ಎಲ್ಲಿಂದ ಹೊರಟಿದೆ ನೋಡಿ. ಆ ಗುರುತಿನ ಕೆಳಗಿನಿಂದ ಹೊರಟಿದ್ದರೆ ನೀವು ನೋಡುತ್ತಿರುವುದು ಬುಡದ ಗಿಡದ ಹೂವು. ಎಷ್ಟೋ ಸಲ ಸಾಗಣೆಯಲ್ಲಿ ಮೇಲಿನ ಕಸಿ ಸತ್ತು, ಕೆಳಗಿನದು ಚಿಗುರಿ ಗಿಡವಾಗಿರುತ್ತದೆ. ಮೇಲಿನ ಕಸಿ ಇನ್ನೂ ಜೀವಂತ ಇದ್ದರೆ ಕೆಳಗಿನ ಕೊಂಬೆಯನ್ನು ಬುಡಸಮೇತ ಕತ್ತರಿಸಿ ಹಾಕಿ.

ಕಸಿ ಗುರುತೇ ಇಲ್ಲ ಅಂದರೆ ಅದು ಕಡ್ಡಿ ಗಿಡ ಇರಬಹುದು, ಬೀಜದ ಗಿಡವೂ ಇರಬಹುದು. ಬಣ್ಣದ ಮರದಿಂದ ಬೀಜ ತೆಗೆದು, ಸಸಿ ಮಾಡಿ, ತಾಯಿಮರದ ಫೋಟೊ ಅಂಟಿಸಿ ಮಾರುವುದು ತುಂಬಾ ಕಡೆ ಇದೆ. ಮೋಸ ಮಾಡಬೇಕು ಅಂತಲೇ ಮಾಡುತ್ತಾರೆ ಅಂತ ನಾನು ಹೇಳಲಾರೆ. ಗೊತ್ತಿಲ್ಲದೆ ಮಾಡುವವರೇ ಜಾಸ್ತಿ. ಇನ್ನೊಂದು ಮಾತು. 'ರೇನ್‌ಬೋ' ಅನ್ನುವುದು ಒಂದು ತಳಿಯ ಹೆಸರೇ ಅಲ್ಲ. ಹಳದಿ, ಕಿತ್ತಳೆ, ಗುಲಾಬಿ ಒಂದರೊಳಗೊಂದು ಬೆರೆತ ಹೂಗಳನ್ನೆಲ್ಲ ಗಿಡದವರು ಹಾಗೆ ಕರೆಯುತ್ತಾರೆ. ಅಂಥ ತಳಿಗಳು ಎಷ್ಟೋ ಇವೆ, ಒಂದೊಂದಕ್ಕೂ ಬೇರೆ ಬೇರೆ ಹೆಸರಿದೆ. ಅಂಗಡಿಯಲ್ಲಿ 'ಬಣ್ಣದ ಸೀರೆ' ಅಂತ ಚೀಟಿ ಹಚ್ಚಿದಷ್ಟೇ ಆಯಿತು ಅದು.

ಬೀಜದಿಂದ ಯಾಕೆ ತಾಯಿಯಂಥ ಗಿಡ ಬರುವುದಿಲ್ಲ? ದೇವಗಣಗಿಲೆ ಹೂವನ್ನು ಒಂದು ಸಲ ಉದ್ದಕ್ಕೆ ಸೀಳಿ ನೋಡಿ. ಐದು ಎಸಳು ಸೇರಿ ಕೆಳಗೆ ಸಣ್ಣ ಕೊಳವೆಯಾಗಿರುತ್ತದೆ. ಅದರ ತಳದಲ್ಲಿ, ಹೊರಗೆ ಕಾಣದ ಹಾಗೆ, ಗಂಡು ಭಾಗವಾದ ಕೇಸರವೂ ಹೆಣ್ಣು ಭಾಗವಾದ ಶಲಾಕೆಯೂ ಅಡಗಿವೆ. ಅಲ್ಲಿಗೆ ತಲುಪುವುದು ಉದ್ದ ಸೊಂಡಿಲಿನ ದೊಡ್ಡ ಪತಂಗ, ಅದೂ ರಾತ್ರಿ. ಕತ್ತಲಾದ ಮೇಲೆ ಈ ಹೂವಿನ ವಾಸನೆ ಏರುವುದು ಅದಕ್ಕೇ. ತಮಾಷೆ ಅಂದರೆ ಹೂವಿನಲ್ಲಿ ಜೇನು ಅನ್ನುವುದೇ ಇಲ್ಲ. ಪತಂಗ ಪರಿಮಳಕ್ಕೆ ಮರುಳಾಗಿ ಹೂವಿಂದ ಹೂವಿಗೆ ಹುಡುಕುತ್ತಾ ಹೋಗುತ್ತದೆ, ಪರಾಗ ಸಾಗಿಸುವ ಕೂಲಿ ಮಾತ್ರ ಪುಕ್ಕಟೆ. ಹೀಗಾಗಿ ನಿಮ್ಮೂರ ಮರದಲ್ಲಿ ಕಾಯಿ ಕಟ್ಟಿದರೆ ತಾಯಿ ಯಾರು ಅಂತ ಗೊತ್ತು, ತಂದೆ ಯಾರು ಅಂತ ಗೊತ್ತಾಗುವುದಿಲ್ಲ. ಹತ್ತಿರದಲ್ಲಿ ಯಾರದೋ ಮನೆಯಲ್ಲಿ ಗುಲಾಬಿ ಬಣ್ಣದ ಮರ ಇದ್ದಿರಬೇಕು. ಜೋಡಿ ಕೊಂಬಿನಂಥ ಆ ಕಾಯಿ ಬಲಿಯಲು ಎಂಟು-ಒಂಬತ್ತು ತಿಂಗಳು ಬೇಕು. ಒಳಗೆ ರೆಕ್ಕೆ ಇರುವ ಬೀಜಗಳು ಒತ್ತೊತ್ತಾಗಿ ಜೋಡಿಸಿರುತ್ತವೆ. ಒಂದೇ ಕಾಯಿಯ ಎಲ್ಲ ಬೀಜ ಹಾಕಿದರೂ ಒಂದರ ಹೂವಿನ ಹಾಗೆ ಇನ್ನೊಂದು ಇರುವುದಿಲ್ಲ.

ನಿಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಶಿಡ್ಲಘಟ್ಟದಲ್ಲಿ ಹಿಪ್ಪುನೇರಳೆ ತೋಟ ಇಲ್ಲದ ಊರೆಲ್ಲಿದೆ? ಹಿಪ್ಪುನೇರಳೆಯ ವಿ-1 ತಳಿಯ ತೋಟ ಮಾಡುವವರು ಬೀಜ ಬಿತ್ತುತ್ತಾರಾ? ಇಲ್ಲ, ಕಡ್ಡಿ ನೆಡುತ್ತಾರೆ. ಮೈಸೂರಿನ ಕೇಂದ್ರ ರೇಷ್ಮೆ ಸಂಶೋಧನಾ ಸಂಸ್ಥೆಯಲ್ಲಿ ಆರಿಸಿದ ಒಂದು ಗಿಡ, ಅದರ ಕಡ್ಡಿ, ಆ ಕಡ್ಡಿಯ ಕಡ್ಡಿ, ಹೀಗೆ ಊರೂರು ತುಂಬಿದೆ. ವಿ-1 ಅನ್ನುವ ಹೆಸರು ಆ ಒಂದು ಗಿಡಕ್ಕೆ ಸಲ್ಲುವುದು. ಅದರ ಕಡ್ಡಿಗೆಲ್ಲ ಸಲ್ಲುತ್ತದೆ, ಅದರ ಹಣ್ಣಿನ ಬೀಜಕ್ಕೆ ಸಲ್ಲುವುದಿಲ್ಲ. ದೇವಗಣಗಿಲೆಯ ತಳಿ ಹೆಸರೂ ಅಷ್ಟೇ. ಕಡ್ಡಿಯಲ್ಲೋ ಕಸಿಯಲ್ಲೋ ಹೋದರೆ ಹೆಸರೂ ಜೊತೆಗೆ ಹೋಗುತ್ತದೆ. ಬೀಜಕ್ಕೆ ಬಂದ ಕೂಡಲೇ ಹೆಸರು ಅಲ್ಲಿಗೇ ನಿಂತಿತು. ನಿಮ್ಮ ಸಸಿಗೆ ಈಗ ಯಾವ ಹೆಸರೂ ಇಲ್ಲ, ಅದಕ್ಕೇ ಹೊಸ ಹೆಸರು ಇಡಲು ನಿಮಗೆ ಅಡ್ಡಿಯಿಲ್ಲ.

ಜನರ ಹೆಸರು ಗಿಡಕ್ಕೆ ಇಡುವುದು ಈ ಜಾತಿಯಲ್ಲಿ ಮೊದಲಿನಿಂದಲೂ ಬಂದದ್ದು. ದೇವಗಣಗಿಲೆಗೆ ಸಸ್ಯಶಾಸ್ತ್ರದಲ್ಲಿರುವ ಪ್ಲುಮೇರಿಯ ಅನ್ನುವ ಹೆಸರೇ ಫ್ರಾನ್ಸಿನ ಒಬ್ಬ ಸನ್ಯಾಸಿಯಿಂದ ಬಂದದ್ದು. ಷಾರ್ಲ್ ಪ್ಲುಮಿಯೆ, 1646ರಲ್ಲಿ ಹುಟ್ಟಿ 1704ರಲ್ಲಿ ತೀರಿಕೊಂಡವರು. ರಾಜ 14ನೇ ಲೂಯಿ ಕಾಲದಲ್ಲಿ ವೆಸ್ಟ್ ಇಂಡೀಸ್ ದ್ವೀಪಗಳಿಗೆ ಹೋಗಿ ಗಿಡಗಳ ಚಿತ್ರ ಬರೆದು ತಂದವರು. 1753ರಲ್ಲಿ ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್ ತನ್ನ ಪುಸ್ತಕದಲ್ಲಿ ಆ ಹೆಸರನ್ನು ಗಟ್ಟಿ ಮಾಡಿದ. ಈ ಪ್ಲುಮಿಯೆ ಕೂಡ ಬೇರೆಯವರ ಹೆಸರನ್ನು ಗಿಡಗಳಿಗೆ ಇಡುವುದರಲ್ಲಿ ಎತ್ತಿದ ಕೈ. ಬಿಗೋನಿಯ, ಫ್ಯೂಷಿಯ, ಮ್ಯಾಗ್ನೋಲಿಯ ಎಲ್ಲ ಅವರೇ ಇಟ್ಟ ಹೆಸರುಗಳು. ಈಗ ನಮ್ಮ ಸಂಪಿಗೆ ಮರವನ್ನೂ ಸಸ್ಯಶಾಸ್ತ್ರದವರು ಮ್ಯಾಗ್ನೋಲಿಯ ಕುಲಕ್ಕೇ ಸೇರಿಸಿದ್ದಾರೆ. ನಮ್ಮ ಜನ ದೇವಗಣಗಿಲೆಯನ್ನು ಕಾಡುಸಂಪಿಗೆ ಅಂತಲೂ ಕರೆಯುತ್ತಾರಲ್ಲ, ಎರಡು ಗಿಡಕ್ಕೂ ಸಂಬಂಧವಿಲ್ಲ. ಆದರೆ ಎರಡರ ಹೆಸರೂ ಒಬ್ಬ ಸನ್ಯಾಸಿಯ ಹತ್ತಿರ ಹೋಗಿ ಸೇರುತ್ತವೆ. ಸುಮ್ನೆ ಹೇಳಿದೆ, ನನಗೆ ಇಂಥವು ಇಷ್ಟ.

ತಳಿಯ ಹೆಸರಿನ ವಿಷಯಕ್ಕೆ ಬಂದರೆ ಹವಾಯಿ ದ್ವೀಪದ ಬಿಲ್ ಮೊರಾನ್ಯೆ ಅವರ ಕಥೆ ನಿಮಗೆ ಹಿಡಿಸಬಹುದು. ಕಬ್ಬಿನ ತೋಟದ ಮ್ಯಾನೇಜರ್ ಆಗಿದ್ದವರು. ನಾನು ಮೇಲೆ ಹೇಳಿದ ಕೊಳವೆಯ ತಳಕ್ಕೆ ಕೈಯಿಂದ ಪರಾಗ ಮುಟ್ಟಿಸುವುದು ಎಷ್ಟು ಕಷ್ಟ ಅಂದರೆ ಆ ಕಾಲದಲ್ಲಿ ಹೆಚ್ಚಿನವರು ಆಗದ ಮಾತು ಅಂತ ಬಿಟ್ಟಿದ್ದರು. ಇವರು 1950ರ ದಶಕದಲ್ಲಿ ಅದನ್ನು ಸಾಧಿಸಿದರು. ಕಡುಕೆಂಪಿನ 'ಸ್ಕಾಟ್ ಪ್ರಾಟ್' ಮತ್ತು ದೊಡ್ಡ ಹೂವಿನ 'ಡೇಸಿ ವಿಲ್ಕಾಕ್ಸ್' ಎರಡನ್ನೂ ಕೂಡಿಸಿ ಸಸಿ ಮಾಡಿದರು. ಅವುಗಳಲ್ಲಿ ಒಳ್ಳೆಯವನ್ನು ಆರಿಸಿ ಹೆಂಡತಿ, ಹೆಣ್ಣುಮಕ್ಕಳು, ಸೊಸೆಯರು ಹೀಗೆ ಮನೆಯ ಹೆಂಗಸರ ಹೆಸರಿಟ್ಟರು. 'ಜೀನ್ ಮೊರಾನ್ಯೆ', 'ಮೇರಿ ಮೊರಾನ್ಯೆ', 'ಸ್ಯಾಲಿ ಮೊರಾನ್ಯೆ' ಇವತ್ತಿಗೂ ಬೇಡಿಕೆ ಇರುವ ತಳಿಗಳು.

ಅಷ್ಟು ದೂರ ಯಾಕೆ, ತುಮಕೂರು ಜಿಲ್ಲೆಗೇ ಬನ್ನಿ. ಗುಬ್ಬಿ ತಾಲ್ಲೂಕಿನ ಚೇಳೂರಿನಲ್ಲಿ ರೈತರೊಬ್ಬರ ತೋಟದಲ್ಲಿ ಒಂದು ಹಲಸಿನ ಮರ ಇತ್ತು. ತಾಮ್ರಗೆಂಪು ತೊಳೆ, ಪುಟ್ಟ ಹಣ್ಣು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಬಂದು ನೋಡಿ, ಪರೀಕ್ಷೆ ಮಾಡಿ, ಅದರ ಕಸಿ ಗಿಡಗಳನ್ನು ಮಾಡಿಸಿದರು. ಮರ ನೆಟ್ಟವರು ಆ ರೈತರ ತಂದೆ ಸಿದ್ದಪ್ಪನವರು. ತಳಿಯ ಹೆಸರು 'ಸಿದ್ದು'. ಅಪ್ಪನ ಹೆಸರು ಹಲಸಿಗೆ ಬಂದ ಮೇಲೆ ಅಮ್ಮನ ಹೆಸರು ಹೂವಿಗೆ ಬರಬಾರದಾ?

ಒಂದೊಂದು ಸಂಸ್ಥೆಗೂ ಹೆಸರಿಡುವ ಒಂದು ರೂಢಿ ಇರುತ್ತದೆ. ಈ ಹೆಸರಘಟ್ಟದವರು ತಾವೇ ಮಾಡಿದ ತಳಿಗಳ ಹೆಸರು ಹೆಚ್ಚಾಗಿ 'ಅರ್ಕಾ' ಅಂತ ಶುರುವಾಗುವುದು ಅಲ್ಲಿಯ ಅರ್ಕಾವತಿ ಹೊಳೆಯಿಂದ. ಸುಗಂಧರಾಜದಲ್ಲಿ 'ಅರ್ಕಾ ಪ್ರಜ್ವಲ್', ಕನಕಾಂಬರದಲ್ಲಿ 'ಅರ್ಕಾ ಅಂಬರ' ನೀವು ಕೇಳಿರಬಹುದು.

ಇನ್ನು ಹೆಸರಿಡುವ ಅಧಿಕಾರ ಯಾರದು ಅಂತ ಕೇಳಿದ್ದೀರಿ. ಕಾಡಿನಲ್ಲಿ ತಾನಾಗಿ ಬೆಳೆಯುವ ಜಾತಿಗೆ ಸಸ್ಯಶಾಸ್ತ್ರದವರು ಲ್ಯಾಟಿನ್ ಹೆಸರು ಇಡುತ್ತಾರೆ. ಮನುಷ್ಯ ಆರಿಸಿ, ಉಳಿಸಿ ಬೆಳೆಸಿದ ತಳಿಗೆ ಬೇರೆ ನಿಯಮ. ಅದಕ್ಕೆಂದೇ ಒಂದು ಅಂತರರಾಷ್ಟ್ರೀಯ ನಿಯಮಾವಳಿ ಇದೆ, 1953ರಲ್ಲಿ ಮೊದಲ ಸಲ ಬಂತು. ತಳಿ ಹೆಸರನ್ನು ಒಂಟಿ ಉದ್ಧರಣ ಚಿಹ್ನೆಯಲ್ಲಿ ಬರೆಯುವುದು ಆ ನಿಯಮದಿಂದಲೇ. 1959ರಿಂದ ಈಚೆ ಹೊಸ ತಳಿಗೆ ಲ್ಯಾಟಿನ್ ಹೆಸರು ಇಡುವ ಹಾಗಿಲ್ಲ, ಬಳಕೆಯಲ್ಲಿರುವ ಭಾಷೆಯ ಹೆಸರೇ ಆಗಬೇಕು. ಕನ್ನಡ ಧಾರಾಳವಾಗಿ ನಡೆಯುತ್ತದೆ. ಹೆಸರು 30 ಅಕ್ಷರ ಮೀರಬಾರದು. ಬರೀ 'ಬಿಳಿ', 'ದೊಡ್ಡದು' ಅಂತ ಇಡುವಂತಿಲ್ಲ, 'ಎಲ್ಲಕ್ಕಿಂತ ಶ್ರೇಷ್ಠ' ಅಂತ ಕೊಚ್ಚಿಕೊಳ್ಳುವಂತಿಲ್ಲ. ಅದೇ ಕುಲದಲ್ಲಿ ಆಗಲೇ ಇರುವ ಹೆಸರನ್ನು ಮತ್ತೆ ಇಡುವ ಹಾಗಿಲ್ಲ. ಇನ್ನೊಂದು ಭಾಷೆಗೆ ಹೋದಾಗ ಲಿಪಿ ಬದಲಾಯಿಸಬಹುದು, ಅರ್ಥ ಅನುವಾದ ಮಾಡಬಾರದು. ಅಮ್ಮನ ಹೆಸರು ಪುಷ್ಪ ಅಂತಿದ್ದರೆ ಅದು ಎಲ್ಲಿ ಹೋದರೂ ಪುಷ್ಪವೇ ಆಗಿರಬೇಕು.

ನೋಂದಣಿಗೆ ಒಂದೊಂದು ಗಿಡಕ್ಕೆ ಒಂದೊಂದು ಸಂಸ್ಥೆ ಇದೆ. ಕಾಗದದ ಹೂವಿನ ಬಳ್ಳಿಗೆ, ಅದೇ ಬೋಗನ್‌ವಿಲ್ಲಾಗೆ, ಇಡೀ ಪ್ರಪಂಚದ ದಫ್ತರ ನಮ್ಮ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿದೆ. ದೇವಗಣಗಿಲೆಯದು ಅಮೆರಿಕದ ಪ್ಲುಮೇರಿಯ ಸೊಸೈಟಿ, 1979ರಲ್ಲಿ ಹ್ಯೂಸ್ಟನ್‌ನಲ್ಲಿ ಶುರುವಾದದ್ದು. ಹೂವಿನ ಫೋಟೊ, ಅಳತೆ, ಬಣ್ಣ, ಪರಿಮಳ, ತಾಯಿಗಿಡ ಯಾವುದು ಇಂಥ ವಿವರ ಸಿದ್ಧ ಇಟ್ಟುಕೊಂಡಿರಿ. ನೋಂದಣಿ ಆದರೆ ಹೆಸರು ಪಕ್ಕಾ ಆಗುತ್ತದೆ, ಅಷ್ಟೇ. ಗಿಡದ ಮೇಲೆ ನಿಮಗೆ ಹಕ್ಕೇನೂ ಬರುವುದಿಲ್ಲ. ಹಕ್ಕು ಬೇಕಾದರೆ ಅದಕ್ಕೆ 2001ರ ಸಸ್ಯ ತಳಿ ಮತ್ತು ರೈತರ ಹಕ್ಕುಗಳ ಕಾಯ್ದೆ ಬೇರೆ ಇದೆ. ಮನೆ ಮುಂದಿನ ಒಂದು ಗಿಡಕ್ಕೆ ಅಷ್ಟು ದೂರ ಹೋಗುವ ಅಗತ್ಯ ನನಗೆ ಕಾಣುವುದಿಲ್ಲ. ನೋಂದಣಿ ಇಲ್ಲದೆಯೂ ಊರಿನವರು ಕರೆಯಲು ಯಾವ ಅಡ್ಡಿ? ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಬಾದಾಮಿ ಅನ್ನುತ್ತಾರೆ, ಬೇರೆ ಕಡೆ ಅದೇ ಆಪೂಸು, ಅಲ್ಫಾನ್ಸೊ. ತೋತಾಪುರಿಗೆ ಗಿಣಿಮೂತಿ ಅಂತಲೂ ಹೆಸರು, ಬೆಂಗಳೂರಾ ಅಂತಲೂ ಹೆಸರು. ವ್ಯಾಪಾರ ನಿಂತಿಲ್ಲ.

ಹಾಗಾದರೆ ಈ ವರ್ಷವೇ ಯಾಕೆ ಬೇಡ? ಮೊದಲ ಹೂವನ್ನು ನಂಬುವ ಹಾಗಿಲ್ಲ. ಎಳೆ ಗಿಡ ಮೊದಲ ಸಲ ಬಿಡುವ ಹೂವು ಸಣ್ಣದಿರುತ್ತದೆ, ಬಣ್ಣವೂ ಕೂತಿರುವುದಿಲ್ಲ. ಜೊತೆಗೆ ಬಿಸಿಲು ಬಣ್ಣವನ್ನು ಬದಲಾಯಿಸುತ್ತದೆ. ಏಪ್ರಿಲ್‌ನ ಸುಡುಬಿಸಿಲಿನಲ್ಲಿ ಅರಳಿದ್ದಕ್ಕೂ ಆಗಸ್ಟ್‌ನ ಮೋಡದಲ್ಲಿ ಅರಳಿದ್ದಕ್ಕೂ ಬಣ್ಣದ ವ್ಯತ್ಯಾಸ ಇರುತ್ತದೆ. ಒಂದೇ ಗೊಂಚಲಿನಲ್ಲಿ ಇವತ್ತು ಅರಳಿದ ಹೂವಿನ ಪಕ್ಕ ಮೂರು ದಿನ ಹಳೇ ಹೂವು ಇಟ್ಟು ನೋಡಿ, ಬೇರೆ ಬೇರೆ ಮರದ್ದು ಅನ್ನಿಸುತ್ತದೆ. ಒಂದೇ ತಳಿಗೆ ನಾಲ್ಕು ಹೆಸರು ಹುಟ್ಟುವುದು ಹೀಗೇ. ಯಾರೋ ಬೇಸಿಗೆಯಲ್ಲಿ ನೋಡಿ ಒಂದು ಹೆಸರಿಟ್ಟರು, ಇನ್ಯಾರೋ ಮಳೆಗಾಲದಲ್ಲಿ ನೋಡಿ ಇನ್ನೊಂದಿಟ್ಟರು. ನೀವು ಮೂರನೇ ವರ್ಷದ ಹೂವಿನವರೆಗೆ ಕಾಯಿರಿ. ಪ್ರತಿ ವರ್ಷ ಬೇಸಿಗೆಯಲ್ಲೊಮ್ಮೆ, ಮಳೆಗಾಲದಲ್ಲೊಮ್ಮೆ, ಬೆಳಗ್ಗೆ ನೆರಳಿನಲ್ಲಿ, ಅದೇ ದಿನ ಅರಳಿದ ಹೂವಿನ ಫೋಟೊ ತೆಗೆಯಿರಿ. ಪಕ್ಕದಲ್ಲಿ ಒಂದು ಸ್ಕೇಲ್ ಇಡಿ. ಆಮೇಲೆ ಅದರ ಕಡ್ಡಿಯಿಂದ ಬೆಳೆದ ಗಿಡವೂ ಇದೇ ಹೂ ಕೊಡಬೇಕು. ಆಗ ಹೆಸರಿಡಿ. ನರ್ಸರಿಯ ಆ ಬಿಳಿ-ಹಳದಿ ಗಿಡಕ್ಕೂ ಇದೇ ನ್ಯಾಯ. ಕೊಂಬೆ ಕಸಿಯ ಮೇಲಿಂದಲೇ ಬಂದಿದ್ದರೆ ಇನ್ನೊಂದು ವರ್ಷ ನೋಡಿ. ಆದರೆ ಪೂರ್ತಿ ಬಿಳಿ ಹೂವು ಕಿತ್ತಳೆಯಾಗುತ್ತದೆ ಅನ್ನುವ ಆಸೆ ಇಟ್ಟುಕೊಳ್ಳಬೇಡಿ.

ಈಗ ಕೊಳೆತ ಕಡ್ಡಿ. ಜೂನ್ ಅಂದರೆ ತಡವಾಯಿತು. ನಮ್ಮ ಚಿಕ್ಕಬಳ್ಳಾಪುರ, ಕೋಲಾರದ ಕಡೆ ಈ ಗಿಡ ಡಿಸೆಂಬರ್ ಹೊತ್ತಿಗೆ ಎಲೆ ಉದುರಿಸಿ ನಿದ್ದೆ ಹೋಗುತ್ತದೆ. ಅದು ಏಳುವ ಹೊತ್ತು, ಫೆಬ್ರವರಿಯಿಂದ ಏಪ್ರಿಲ್, ಕಡ್ಡಿಗೆ ಒಳ್ಳೇ ಕಾಲ. ಹಸಿರು ತುದಿ ಬೇಡ, ಬೂದು ಬಣ್ಣಕ್ಕೆ ತಿರುಗಿದ, ಒಂದರಿಂದ ಒಂದೂವರೆ ಅಡಿ ಉದ್ದದ ಬಲಿತ ಕೊಂಬೆ ತೆಗೆಯಿರಿ. ಹಾಲು ಸುರಿಯುತ್ತದೆ, ಕಣ್ಣಿಗೆ ತಾಗಿಸಿಕೊಳ್ಳಬೇಡಿ, ಕೈ ತೊಳೆಯಿರಿ. ಕಣಗಿಲೆ, ಎಕ್ಕ, ನಂದಿಬಟ್ಟಲು ಎಲ್ಲ ಇದರ ಸಂಬಂಧಿಕರೇ, ಹಾಲು ಆ ಮನೆತನದ ಗುಣ. ಎಲೆ ಎಲ್ಲ ಕಿತ್ತು, ಕಡ್ಡಿಯನ್ನು ನೆರಳಿನಲ್ಲಿ ಗೋಡೆಗೆ ಒರಗಿಸಿ ಹತ್ತು ಹದಿನೈದು ದಿನ ಮರೆತುಬಿಡಿ. ಕತ್ತರಿಸಿದ ಬಾಯಿ ಒಣಗಿ ಗಟ್ಟಿಯಾಗಬೇಕು. ಹಸಿ ಬಾಯಿಯಲ್ಲೇ ನೆಟ್ಟರೆ ಕೊಳೆಯದೆ ಇನ್ನೇನು ಮಾಡುತ್ತದೆ?

ನೆಡಲು ಅರ್ಧ ಕೆಮ್ಮಣ್ಣು, ಅರ್ಧ ದಪ್ಪ ಮರಳು ಸಾಕು. ಗೊಬ್ಬರ ಹಾಕಬೇಡಿ. ನಾಲ್ಕು ಬೆರಳು ಆಳಕ್ಕೆ ಊರಿ, ಕೋಲು ಕಟ್ಟಿ, ಒಂದು ಸಲ ನೀರು ಕೊಡಿ. ಆಮೇಲೆ ಎಲೆ ಬರುವ ತನಕ ಕೈ ಕಟ್ಟಿಕೊಂಡು ಕೂರಬೇಕು, ಇದೇ ಕಷ್ಟ. ಮಣ್ಣು ಪೂರ್ತಿ ಒಣಗಿದರೆ ಒಂದು ಲೋಟ ನೀರು, ಅಷ್ಟೇ. ಒಂದೆರಡು ಎಳೆ ಎಲೆ ಕಂಡ ಮಾತ್ರಕ್ಕೆ ಬೇರು ಬಂತು ಅಂದುಕೊಳ್ಳಬೇಡಿ. ಕಡ್ಡಿಯೊಳಗಿನ ಸತ್ವದಲ್ಲೇ ಅವು ಬರುತ್ತವೆ. ದೊಡ್ಡ ಎಲೆ ನಾಲ್ಕು ಬಿಚ್ಚಿದ ಮೇಲೆ ನೀರು ಹೆಚ್ಚಿಸಿ. ಅನುಮಾನ ಬಂದರೆ ಬುಡವನ್ನು ಎರಡು ಬೆರಳಲ್ಲಿ ಒತ್ತಿ. ಗಟ್ಟಿ ಇದ್ದರೆ ಸರಿ, ಮೆತ್ತಗಾಗಿದ್ದರೆ ಕೊಳೆತ ಭಾಗ ಪೂರ್ತಿ ಹೋಗುವ ತನಕ ಮೇಲಕ್ಕೆ ಕತ್ತರಿಸಿ, ಮತ್ತೆ ಒಣಗಿಸಿ ನೆಡಿ. ತಾಯಿಗಿಡ ಒಂದೇ ಇರುವುದರಿಂದ ಎಲ್ಲ ಕೊಂಬೆಗೂ ಕೈ ಹಾಕಬೇಡಿ. ಈ ಗಿಡದಲ್ಲಿ ಹೂಗೊಂಚಲು ಬರುವುದು ಕೊಂಬೆಯ ತುದಿಯಲ್ಲಿ ಮಾತ್ರ. ತುದಿ ಕತ್ತರಿಸಿದಿರಿ ಅಂದರೆ ಆ ಕೊಂಬೆಯ ಮುಂದಿನ ಹೂವನ್ನೂ ಕತ್ತರಿಸಿದ ಹಾಗೆ. ಅಲ್ಲಿಂದ ಎರಡು ಮೂರು ಕವಲು ಒಡೆದು, ಅವು ಬಲಿತು ಹೂ ಬಿಡಲು ಒಂದೆರಡು ವರ್ಷ ಬೇಕು.

ಉಳಿದಂತೆ ಇದು ಗೋಳು ಕೊಡುವ ಗಿಡವಲ್ಲ. ದಿನಕ್ಕೆ ಆರು ಗಂಟೆ ನೇರ ಬಿಸಿಲು ಬೇಕು. ಯೂರಿಯಾ ಹಾಕಿದರೆ ಎಲೆ ದಂಡಿಯಾಗಿ ಬಂದು ಹೂ ಹಿಂದೆ ಬೀಳುತ್ತದೆ. ಮಾರ್ಚ್‌ನಲ್ಲಿ ಹಳೇ ಸಗಣಿ ಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ ಸಾಕು. ಚಳಿಗಾಲದಲ್ಲಿ ಬೋಳಾದಾಗ ನೀರು ಹಾಕಬೇಡಿ. ಮಳೆಗಾಲದಲ್ಲಿ ಎಲೆಯ ಅಡಿಗೆ ಕಿತ್ತಳೆ ಬಣ್ಣದ ಪುಡಿ ಕಂಡರೆ ಅದು ತುಕ್ಕು ರೋಗ. ಬಿದ್ದ ಎಲೆ ಗುಡಿಸಿ ಸುಟ್ಟುಹಾಕಿ. ಜಾಸ್ತಿಯಾದರೆ ನೀರಿನಲ್ಲಿ ಕಲಸುವ ಗಂಧಕದ ಪುಡಿ ಲೀಟರಿಗೆ 2 ಗ್ರಾಂ ಬೆರೆಸಿ ಎಲೆಯ ಅಡಿಗೆ ಸಿಂಪಡಿಸಿ. ಹೇಗೂ ಡಿಸೆಂಬರ್‌ಗೆ ಉದುರುವ ಎಲೆ, ತೀರಾ ತಲೆ ಕೆಡಿಸಿಕೊಳ್ಳಬೇಡಿ.

ಅತ್ತೆಯವರ ಮಾತಿಗೂ ಬುಡವಿಲ್ಲದೆ ಇಲ್ಲ. ನೀರಿಲ್ಲದ ಜಾಗದಲ್ಲೂ ಬದುಕುತ್ತದೆ, ಹಾಲಿನ ಕಹಿಗೆ ದನ ಕುರಿ ಬಾಯಿ ಹಾಕುವುದಿಲ್ಲ, ಕೊಂಬೆ ಊರಿದರೆ ಚಿಗುರುತ್ತದೆ. ನೋಡಿಕೊಳ್ಳುವವರಿಲ್ಲದ ಸ್ಮಶಾನಕ್ಕೆ ಇದಕ್ಕಿಂತ ಅನುಕೂಲದ ಮರ ಯಾವುದಿದೆ? ಹವಾಯಿಯಲ್ಲೂ ಹೀಗೇ. ಅಲ್ಲಿನ 'ಸೆಲಡೈನ್' ತಳಿಗೆ ಸ್ಮಶಾನದ ಹಳದಿ ಅಂತ ಅಡ್ಡಹೆಸರು. ಆದರೆ ಬಂದ ನೆಂಟರ ಕೊರಳಿಗೆ ಹಾಕುವ ಮಾಲೆಗೂ ಅದೇ ಹೂವು. ಥಾಯ್ಲೆಂಡಿನವರದು ಇನ್ನೂ ಚೆನ್ನ. ಅಲ್ಲಿ ಇದಕ್ಕೆ 'ಲಂತೊಮ್' ಅಂತ ಹೆಸರಿತ್ತು. ದುಃಖ ಅನ್ನುವ ಮಾತಿನ ಹಾಗೆ ಕೇಳುತ್ತದೆ ಅಂತ ಯಾರೂ ಮನೆಯಲ್ಲಿ ನೆಡುತ್ತಿರಲಿಲ್ಲ. ಆಮೇಲೆ ಲೀಲಾವತಿ ಅಂತ ಕರೆಯಲು ಶುರು ಮಾಡಿದರು, ಅವರ ಬಾಯಲ್ಲಿ 'ಲೀಲಾವದಿ'. ಈಗ ಹೋಟೆಲು, ಮನೆ, ಎಲ್ಲ ಕಡೆ ಇದೇ ಮರ. ಅತ್ತೆಯವರಿಗೆ ಲೀಲಾವತಿ ಅಂತಲೇ ಪರಿಚಯ ಮಾಡಿಸಿ ನೋಡಿ. ಇಲ್ಲವೇ ಆ ನರ್ಸರಿ ಗಿಡಕ್ಕೆ ಅವರ ಹೆಸರು ಇಡುತ್ತೇನೆ ಅನ್ನಿ. ಬಿಳಿ-ಹಳದಿ ಹೂವಿನ ಮರ ಊರಿಗೊಂದು ಇರುವುದರಿಂದ ಆ ಹೆಸರು ನೋಂದಣಿಗೆ ನಡೆಯಲಿಕ್ಕಿಲ್ಲ, ಮನೆಯಲ್ಲಿ ನಡೆಯುತ್ತದೆ.

ಕಡ್ಡಿ ಕೇಳಿದವರಿಗೆ ಈಗಲೇ ಕೊಡಬೇಡಿ. ಕೊಡುವ ಕಾಲ ಬಂದಾಗ ಪ್ರತಿ ಕಡ್ಡಿಗೂ ಚೀಟಿ ಕಟ್ಟಿ. ಸ್ಕೆಚ್ ಪೆನ್ನಿನ ಬರಹ ನಮ್ಮ ಬಿಸಿಲಿಗೆ ಒಂದು ಬೇಸಿಗೆ ತಡೆಯುವುದಿಲ್ಲ. ಹಳೇ ಅಲ್ಯೂಮಿನಿಯಂ ತಗಡನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ, ಖಾಲಿ ಬಾಲ್ ಪೆನ್ನಿನಲ್ಲಿ ಒತ್ತಿ ಬರೆಯಿರಿ. ತಂತಿಯನ್ನು ಕೊಂಬೆಗೆ ಸಡಿಲವಾಗಿ ಕಟ್ಟಿ. ಬಿಗಿದರೆ ಕೊಂಬೆ ದಪ್ಪವಾದಾಗ ತಂತಿ ತೊಗಟೆ ಕೊಯ್ಯುತ್ತದೆ.